ಎಸ್ಕೇಪ್ ರೂಮ್ ಮತ್ತು ಹಾಂಟೆಡ್ ಹೌಸ್

ದುಡ್ಡು ಕೊಟ್ಟು ಒಳಹೊಕ್ಕು, ಹೊರಬರುವುದನ್ನೇ ಆಟವಾಗಿಸಿಕೊಂಡ ಎರಡು ಬಗೆಯ ಮನರಂಜನೆಗಳು. ಎಸ್ಕೇಪ್ ರೂಮಿನಲ್ಲಿ ಎರಡರಿಂದ ಎಂಟು ಜನರ ತಂಡವೊಂದು ಯಾವುದೋ ಕತೆಯ ಕೋಣೆಯೊಳಗೆ ಸೇರುತ್ತದೆ. ಅಲ್ಲಿ ಅಡಗಿಸಿಟ್ಟ ಸುಳಿವುಗಳನ್ನು ಹುಡುಕಿ, ಒಗಟುಗಳನ್ನು ಬಿಡಿಸಿ, ಸಾಮಾನ್ಯವಾಗಿ 60 ನಿಮಿಷದೊಳಗೆ ಕೊನೆಯ ಬಾಗಿಲು ತೆರೆಯಬೇಕು. ಹಾಂಟೆಡ್ ಹೌಸ್‌ನಲ್ಲಿ ಬಿಡಿಸುವಂಥದ್ದೇನೂ ಇಲ್ಲ. ಕತ್ತಲ ಓಣಿಗಳಲ್ಲಿ ನಡೆದು ಹೋದರಾಯಿತು, ಹೆದರಿಸುವ ಕೆಲಸವನ್ನು ವೇಷಧಾರಿಗಳು, ಯಂತ್ರಗೊಂಬೆಗಳು, ಬೆಳಕು, ಸದ್ದು ಮತ್ತು ಹೊಗೆ ನೋಡಿಕೊಳ್ಳುತ್ತವೆ. ಮೊದಲನೆಯದು ಜಪಾನಿನಲ್ಲಿ ಹುಟ್ಟಿ ವರ್ಷವಿಡೀ ನಡೆಯುವ ವ್ಯಾಪಾರ. ಎರಡನೆಯದು ಯುರೋಪಿನಲ್ಲಿ ಮೊಳೆತು, ಅಮೆರಿಕದಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಅಂಟಿಕೊಂಡು ಬೆಳೆದ ಸುಗ್ಗಿ.

ಹುಟ್ಟು ಬೇರೆ, ಲೆಕ್ಕಾಚಾರ ಬೇರೆಯಾದರೂ ಇವೆರಡರ ಹುಚ್ಚು ಹತ್ತಿಸಿಕೊಂಡವರು ಬಹುಮಟ್ಟಿಗೆ ಒಂದೇ ಗುಂಪಿನವರು. ಅಕ್ಟೋಬರ್ ಬಂತೆಂದರೆ ಊರೂರು ಅಲೆದು ಹಾಂಟೆಡ್ ಹೌಸ್ ನೋಡುವವರೇ ಉಳಿದ ತಿಂಗಳುಗಳಲ್ಲಿ ರಜೆ ಹಾಕಿ ಎಸ್ಕೇಪ್ ರೂಮ್ ಆಡಲು ಹೋಗುತ್ತಾರೆ. ಪಳಗಿದ ಹವ್ಯಾಸಿಗಳು ತಾಣವೊಂದನ್ನು ಅಳೆಯುವಾಗ ಬೀಗಗಳ ಸಂಖ್ಯೆಯನ್ನೂ ನೋಡುವುದಿಲ್ಲ, ಬಳಿದ ರಕ್ತದ ಬಣ್ಣವನ್ನೂ ನೋಡುವುದಿಲ್ಲ. ಅವರ ಕಣ್ಣಿರುವುದು ಮರೆಯಲ್ಲಿ ನಿಂತು ಆಟ ನಡೆಸುವವರ ಕೈಚಳಕದ ಮೇಲೆ. ಈ ಎರಡು ಕಲೆಗಳ ಇತಿಹಾಸವನ್ನೂ ಆ ಕಡೆಯಿಂದ ನೋಡುವುದೇ ಸರಿ.

ಹೆದರಿಕೆಯ ಪ್ರದರ್ಶನ

ಕತ್ತಲಲ್ಲಿ ಜನರನ್ನು ಕೂರಿಸಿ ಹೆದರಿಸಿ ಹಣ ಮಾಡುವ ಉದ್ಯಮ ಫ್ರೆಂಚ್ ಕ್ರಾಂತಿಯ ನೆರಳಿನಲ್ಲಿ ಕುದುರಿತು. 1790ರ ದಶಕದ ಕೊನೆಯಲ್ಲಿ, ರಾಬರ್ಟ್‌ಸನ್ ಎಂಬ ರಂಗನಾಮದ ಎತಿಯೆನ್ ಗಾಸ್ಪಾರ್ ರಾಬರ್, ಪ್ಯಾರಿಸ್ಸಿನ ಪಾಳುಬಿದ್ದ ಕಪುಚಿನ್ ಮಠವೊಂದರಲ್ಲಿ ಫ್ಯಾಂಟಸ್ಮಗೋರಿಯ ಎಂಬ ಪ್ರದರ್ಶನ ನಡೆಸುತ್ತಿದ್ದ. ಮಾಯಾ ಲಾಂದ್ರವನ್ನು ಗಾಲಿಗಳ ಮೇಲಿಟ್ಟು ಪರದೆಯ ಹಿಂದಿನಿಂದ ಚಿತ್ರ ಬೀಳಿಸುವುದು ಅವನ ತಂತ್ರ. ಲಾಂದ್ರವನ್ನು ಹಿಂದಕ್ಕೆಳೆದಂತೆ ಪರದೆಯ ಮೇಲಿನ ಪ್ರೇತ ದೊಡ್ಡದಾಗುತ್ತಾ ಪ್ರೇಕ್ಷಕರ ಮೈಮೇಲೆಯೇ ಬಂದಂತೆ ಕಾಣುತ್ತಿತ್ತು. ಗಿಲೊಟಿನ್‌ಗೆ ಬಲಿಯಾದವರ ಮುಖಗಳ ಅಚ್ಚು ತೆಗೆದುದಾಗಿ ಹೇಳಿಕೊಂಡಿದ್ದ ಮೇರಿ ಟುಸಾಡ್ 1802ರಲ್ಲಿ ಮೇಣದ ಗೊಂಬೆಗಳ ಸಮೇತ ಇಂಗ್ಲೆಂಡಿಗೆ ಬಂದಳು. 1835ರಲ್ಲಿ ಲಂಡನ್ನಿನ ಬೇಕರ್ ಸ್ಟ್ರೀಟ್‌ನಲ್ಲಿ ಅವಳು ತೆರೆದ ಕಾಯಂ ಪ್ರದರ್ಶನದಲ್ಲಿ ಕೊಲೆಗಾರರಿಗೂ ತಲೆ ಕಳೆದುಕೊಂಡವರಿಗೂ ಪ್ರತ್ಯೇಕ ಕೋಣೆಯಿತ್ತು. ಅದೇ ಮುಂದೆ ಚೇಂಬರ್ ಆಫ್ ಹಾರರ್ಸ್ ಎಂದು ಹೆಸರಾಯಿತು.

ಈ ಕಸುಬಿಗೆ ಇಂದಿಗೂ ಅನ್ನ ಹಾಕುತ್ತಿರುವ ಉಪಾಯ ಮಾತ್ರ 1862ರದ್ದು. ಆ ವರ್ಷದ ಡಿಸೆಂಬರ್ 24ರಂದು ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ಚಾರ್ಲ್ಸ್ ಡಿಕನ್ಸ್‌ನ ಕತೆಯೊಂದನ್ನು ರಂಗದ ಮೇಲೆ ತೋರಿಸಿದ. ರಂಗಕ್ಕೂ ಪ್ರೇಕ್ಷಕರಿಗೂ ನಡುವೆ ಒಂದು ದೊಡ್ಡ ಗಾಜನ್ನು ಓರೆಯಾಗಿ ನಿಲ್ಲಿಸಿದ್ದ. ಕೆಳಗಿನ ಗುಂಡಿಯಲ್ಲಿ ಮರೆಯಾಗಿ ನಿಂತ ನಟನ ಮೇಲೆ ಪ್ರಖರ ಬೆಳಕು ಬಿಟ್ಟಾಗ ಅವನ ಪ್ರತಿಬಿಂಬ ಗಾಜಿನಲ್ಲಿ ಮೂಡಿ, ರಂಗದ ಮೇಲಿನ ಪಾತ್ರಗಳ ನಡುವೆ ಪಾರದರ್ಶಕ ದೆವ್ವವೊಂದು ಓಡಾಡಿದಂತೆ ಕಂಡಿತು. ಮೂಲ ಯೋಚನೆ ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರನದು, ಹೆಸರು ಉಳಿದದ್ದು ಪೆಪ್ಪರನದು. ಇದಾದ ಮೇಲೆ ಪ್ಯಾರಿಸ್ಸಿನ ಗ್ರಾಂ ಗಿನ್ಯೋಲ್ ನಾಟಕಶಾಲೆ 1897ರಿಂದ 1962ರವರೆಗೆ ರಕ್ತಸಿಕ್ತ ನಾಟಕಗಳನ್ನೇ ನಂಬಿ ಬದುಕಿತು. ಜನ ಒಳಗೆ ನಡೆದುಹೋಗುವ ದೆವ್ವದ ಮನೆಗಳಲ್ಲಿ ಬಹಳ ಹಳೆಯದೆಂದು ಹೇಳಲಾಗುವುದು ಬ್ರಿಟನ್ನಿನ ಆರ್ಟನ್ ಅಂಡ್ ಸ್ಪೂನರ್ ಕಂಪನಿ 1915ರಲ್ಲಿ ಕಟ್ಟಿದ ಉಗಿಚಾಲಿತ ಘೋಸ್ಟ್ ಹೌಸ್. ಅದು ಹ್ಯಾಂಪ್‌ಷೈರ್‌ನ ಹಾಲಿಕೂಂಬ್ ಉಗಿಯಂತ್ರ ಸಂಗ್ರಹಾಲಯಕ್ಕೆ ಸೇರಿದೆ.

ಹ್ಯಾಲೋವೀನ್ ಅಮೆರಿಕಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆ ಬಂದ ಐರಿಷ್ ಮತ್ತು ಸ್ಕಾಟಿಷ್ ಜನರೊಂದಿಗೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದು ಹುಡುಗರ ಪುಂಡಾಟದ ರಾತ್ರಿಯಾಗಿತ್ತು. ಗೇಟು ಕಿತ್ತು ಎಸೆಯುವುದು, ಬೀದಿ ದೀಪ ಒಡೆಯುವುದು, ವಾಹನ ಮಗುಚುವುದು ಮಾಮೂಲಿ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಇದು ಕೈಮೀರಿದಾಗ, ಪುಂಡರನ್ನು ಬೀದಿಯಿಂದ ಒಳಗೆಳೆಯಲು ನೆರೆಹೊರೆಯವರು ಮನೆಗಳಲ್ಲೇ ಸಂತೋಷಕೂಟ ಏರ್ಪಡಿಸತೊಡಗಿದರು. ನೆಲಮಾಳಿಗೆಯ ಕತ್ತಲಲ್ಲಿ ಹಗ್ಗ ಹಿಡಿದು ನಡೆಸುವುದು, ಒದ್ದೆ ಬಟ್ಟೆಯನ್ನೋ ಹಸಿ ಮಾಂಸದ ತುಂಡನ್ನೋ ಮುಟ್ಟಿಸುವುದು ಅಲ್ಲಿನ ಆಟ. ಇಂದಿನ ಕೋಟಿಗಟ್ಟಲೆ ಡಾಲರ್ ವಹಿವಾಟಿನ ಬೇರು ಇರುವುದು ಈ ನೆಲಮಾಳಿಗೆಗಳಲ್ಲಿ.

ಮನೆಯಾಟವನ್ನು ಉದ್ಯಮವಾಗಿಸಿದ್ದು ಡಿಸ್ನಿ ಸಂಸ್ಥೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಹಾಂಟೆಡ್ ಮ್ಯಾನ್ಷನ್ನಿನ ಹೊರಗೋಡೆಗಳು 1963ರಲ್ಲೇ ಎದ್ದು ನಿಂತಿದ್ದವು. ಒಳಗೆ ಏನಿರಬೇಕೆಂಬುದು ಮಾತ್ರ ವರ್ಷಗಟ್ಟಲೆ ತೀರ್ಮಾನವಾಗಲಿಲ್ಲ. ವಿನ್ಯಾಸಕ ಮಾರ್ಕ್ ಡೇವಿಸ್‌ಗೆ ಜನ ನಗಬೇಕು, ಕ್ಲಾಡ್ ಕೋಟ್ಸ್‌ಗೆ ಜನ ನಡುಗಬೇಕು. 1966ರಲ್ಲಿ ವಾಲ್ಟ್ ಡಿಸ್ನಿ ತೀರಿಕೊಂಡ. 1969ರ ಆಗಸ್ಟ್ 9ರಂದು ಬಾಗಿಲು ತೆರೆದಾಗ ಇಬ್ಬರ ಹಟವೂ ಗೆದ್ದಿತ್ತು. ಮೊದಲರ್ಧ ಮೌನ, ನೆರಳು ಮತ್ತು ಉದ್ದನೆಯ ಪಡಸಾಲೆ, ಎರಡನೆಯರ್ಧ ಸ್ಮಶಾನದಲ್ಲಿ ಹಾಡಿ ಕುಣಿಯುವ ಭೂತಗಳ ಮೋಜು. ಆರಂಭದಲ್ಲಿ ಗೋಡೆಯ ಚಿತ್ರಗಳು ಉದ್ದುದ್ದ ಬೆಳೆಯುತ್ತಾ ಹೋಗುವ ಒಂದು ಕೋಣೆಯಿದೆ. ಅದು ನಿಜಕ್ಕೂ ಒಂದು ಲಿಫ್ಟು. ಜನರನ್ನು ನೆಲದಡಿಗಿಳಿಸಿ, ಉದ್ಯಾನವನ್ನು ಸುತ್ತುವ ರೈಲುದಾರಿಯ ಕೆಳಗೆ ಸಾಗಿಸಿ, ಆಚೆ ಬದಿಯ ದೊಡ್ಡ ಕಟ್ಟಡಕ್ಕೆ ತಲುಪಿಸಬೇಕಿತ್ತು. ಆ ಅನಿವಾರ್ಯವನ್ನೇ ಅವರು ದೃಶ್ಯವಾಗಿ ಮಾಡಿಕೊಂಡರು. ಒಳಗಿನ ನೃತ್ಯಶಾಲೆಯಲ್ಲಿ ಗಿರಕಿ ಹೊಡೆಯುವ ಪ್ರೇತಗಳು ಪೆಪ್ಪರನ ಗಾಜಿನ ಕರಾಮತ್ತೇ, ಅಳತೆ ಮಾತ್ರ ಹಲವು ಪಟ್ಟು ದೊಡ್ಡದು. ಇಷ್ಟು ನಾಜೂಕಾಗಿ ಕಟ್ಟಿದ ದೆವ್ವದ ಮನೆ ಆಮೇಲೆ ಬಂದದ್ದು ಕಡಿಮೆ.

ಅದರ ಯಶಸ್ಸು ಕಂಡು 1970ರ ದಶಕದಲ್ಲಿ ಜೇಸೀಸ್ ಎಂಬ ಸೇವಾ ಸಂಸ್ಥೆಯ ಘಟಕಗಳು ಅಮೆರಿಕದ ಊರೂರುಗಳಲ್ಲಿ ಸಹಾಯಾರ್ಥ ಹಾಂಟೆಡ್ ಹೌಸ್ ನಡೆಸಿದವು. ಇಂಡಿಯಾನಪೊಲಿಸ್‌ನ ಮಕ್ಕಳ ಸಂಗ್ರಹಾಲಯದಲ್ಲಿ ಇಂಥದ್ದು 1964ರಲ್ಲೇ ಆರಂಭವಾಗಿತ್ತು. 1973ರಲ್ಲಿ ಕ್ಯಾಲಿಫೋರ್ನಿಯಾದ ನಾಟ್ಸ್ ಬೆರ‍್ರಿ ಫಾರ್ಮ್ ಇಡೀ ಉದ್ಯಾನವನ್ನೇ ಅಕ್ಟೋಬರ್ ರಾತ್ರಿಗಳಿಗೆ ದೆವ್ವಗಳ ವಶಕ್ಕೆ ಕೊಟ್ಟಿತು. ಒರ್ಲಾಂಡೋದ ಯೂನಿವರ್ಸಲ್ ಸ್ಟುಡಿಯೋಸ್ 1991ರಲ್ಲಿ ಆರಂಭಿಸಿದ ರಾತ್ರಿಗಳು ಮರುವರ್ಷದಿಂದ ಹ್ಯಾಲೋವೀನ್ ಹಾರರ್ ನೈಟ್ಸ್ ಆದವು. ಸಿನಿಮಾ ಸೆಟ್ ಹಾಕುವವರೇ ಮನೆ ಕಟ್ಟತೊಡಗಿದ ಮೇಲೆ ಸ್ವಯಂಸೇವಕರ ಗೋಣಿಪರದೆಯ ಮನೆಗಳು ಬಡವಾಗಿ ಕಂಡವು.

ಜಪಾನಿನಲ್ಲಿ ದೆವ್ವದ ಮನೆಗೆ ಹೋಗುವ ಕಾಲ ಅಕ್ಟೋಬರ್ ಅಲ್ಲ, ಬೇಸಿಗೆ. ಪಿತೃಗಳು ಮನೆಗೆ ಬರುತ್ತಾರೆಂದು ನಂಬುವ ಓಬೊನ್ ಹಬ್ಬ ಆಗಲೇ ಬರುತ್ತದೆ. ಭೂತದ ಕತೆ ಕೇಳಿ ಬೆನ್ನಿನಲ್ಲಿ ಚಳಿ ಹುಟ್ಟಿದರೆ ಸೆಖೆ ತಗ್ಗುತ್ತದೆ ಎಂಬ ಮಾತೂ ಅಲ್ಲಿದೆ. ಫುಜಿ ಪರ್ವತದ ಬಳಿಯ ಫುಜಿ-ಕ್ಯೂ ಹೈಲ್ಯಾಂಡ್‌ನಲ್ಲಿರುವ ಆಸ್ಪತ್ರೆಯಂತೆ ಕಟ್ಟಿದ ದೆವ್ವದ ಚಕ್ರವ್ಯೂಹ ಸುಮಾರು 900 ಮೀಟರ್ ಉದ್ದವಿದ್ದು, ನಡೆದು ಮುಗಿಸಲು ಮುಕ್ಕಾಲು ಗಂಟೆಗೂ ಹೆಚ್ಚು ಬೇಕು. ಹವ್ಯಾಸಿಗಳ ಪಟ್ಟಿಯಲ್ಲಿ ಇದಕ್ಕೆ ತೀರ್ಥಕ್ಷೇತ್ರದ ಸ್ಥಾನ.

ಮರೆಯಲ್ಲಿ ನಿಂತವರ ಕಸುಬು

ಮೊದಲ ಸಲ ಹೋದವರು ಹೆದರಿಕೊಂಡು ಹೊರಬರುತ್ತಾರೆ. ನಾಲ್ಕಾರು ಮನೆ ನೋಡಿದವರು ಹೆದರಿಸಿದ್ದು ಹೇಗೆಂದು ಮಾತಾಡುತ್ತಾ ಬರುತ್ತಾರೆ. ಹವ್ಯಾಸ ಶುರುವಾಗುವುದು ಅಲ್ಲಿ.

ಹೆದರಿಕೆಯಲ್ಲಿ ಎರಡು ಜಾತಿ. ಗೋಡೆಯ ಕಿಂಡಿ ದಡಾರನೆ ಬಿದ್ದು ಮುಖವೊಂದು ಎದುರಾದಾಗ ಬೆಚ್ಚುವುದು ಒಂದು, ಇನ್ನೂ ಏನೂ ಆಗದಿದ್ದರೂ ಕಾಲು ಮುಂದಿಡಲು ಅಳುಕುವುದು ಇನ್ನೊಂದು. ಬೆಚ್ಚಿಸುವುದು ಸುಲಭ. ಗಾಳಿಯೊತ್ತಡದ ಸಿಲಿಂಡರಿಗೆ ಒಂದು ಗೊಂಬೆ ಕಟ್ಟಿ ನೆಲದಲ್ಲಿ ಒತ್ತುಗುಂಡಿ ಹುದುಗಿಸಿದರೆ ಸಾಕು. ಅಳುಕು ಹುಟ್ಟಿಸಲು ಮನುಷ್ಯನೇ ಬೇಕು. ಯಕ್ಷಗಾನದ ಬಣ್ಣದ ವೇಷ ತೆರೆಯ ಹಿಂದೆ ನಿಂತು ಅಟ್ಟಹಾಸವನ್ನಷ್ಟೇ ಕೇಳಿಸಿ, ಕಿರೀಟದ ಅಂಚನ್ನಷ್ಟೇ ತೋರಿಸಿ, ಕಾಯಿಸಿ ಕಾಯಿಸಿ ಮುಖ ಕೊಡುವಂತೆ ಇಲ್ಲಿಯೂ ಒಳ್ಳೆಯ ನಟ ತನ್ನನ್ನು ಕೂಡಲೇ ಬಿಟ್ಟುಕೊಡುವುದಿಲ್ಲ. ಮೂಲೆಯಲ್ಲಿ ಗೊಂಬೆಗಳ ಸಾಲಿನ ನಡುವೆ ಗೊಂಬೆಯಾಗಿಯೇ ನಿಂತಿರುತ್ತಾನೆ. ಗುಂಪಿನ ಕೊನೆಯವರು ದಾಟಿದ ಮೇಲೆ ಸದ್ದಿಲ್ಲದೆ ಹಿಂಬಾಲಿಸುತ್ತಾನೆ.

ಗುಂಪನ್ನು ಓದುವುದು ಅವನ ಮೊದಲ ವಿದ್ಯೆ. ಜೋರಾಗಿ ನಗುವವನು, ಮುಂದಿನವರ ಅಂಗಿ ಹಿಡಿದವಳು, ಕಣ್ಣು ಮುಚ್ಚಿ ನಡೆಯುವವನು ಯಾರು ಯಾರೆಂದು ಎರಡು ಕ್ಷಣದಲ್ಲಿ ಅಳೆಯಬೇಕು. ಎರಡನೆಯ ವಿದ್ಯೆ ಹೊರಗಿನವರಿಗೆ ಕಾಣದಂಥದ್ದು: ಜನ ಮುಂದಕ್ಕೆ ಓಡುವಂತೆ ಹೆದರಿಸಬೇಕೇ ಹೊರತು ಹಿಂದಕ್ಕೆ ಓಡುವಂತಲ್ಲ. ಹಿಂದೆ ಸರಿದ ಗುಂಪು ಹಿಂದಿನಿಂದ ಬರುತ್ತಿರುವ ಗುಂಪಿಗೆ ಡಿಕ್ಕಿ ಹೊಡೆದರೆ ಕತ್ತಲಲ್ಲಿ ನೂಕುನುಗ್ಗಲು, ಮೇಲಾಗಿ ಬರುತ್ತಿರುವವರಿಗೆ ಮುಂದಿನ ಗುಟ್ಟು ರಟ್ಟು. ಹೆಚ್ಚಿನ ಕಡೆ ನಟರು ಪ್ರೇಕ್ಷಕರನ್ನು ಮುಟ್ಟುವಂತಿಲ್ಲ, ಪ್ರೇಕ್ಷಕರೂ ನಟರನ್ನು ಮುಟ್ಟುವಂತಿಲ್ಲ. ಗಾಬರಿಯಲ್ಲಿ ಕೈಬೀಸುವವರಿಂದ ಪೆಟ್ಟು ತಿನ್ನುವುದು ನಟರಿಗೆ ಮಾಮೂಲಿ. ರಾತ್ರಿಯಿಡೀ ಕಿರುಚಿದರೆ ವಾರದೊಳಗೆ ಗಂಟಲು ಹೋಗುತ್ತದೆಂದು, ಒಳಗೆ ನಾಣ್ಯವೋ ಕಲ್ಲೋ ತುಂಬಿದ ಡಬ್ಬಿ ಅಲ್ಲಾಡಿಸಿ ಸದ್ದು ಮಾಡುವವರೂ ಇದ್ದಾರೆ. ಹೊರಬಾಗಿಲಲ್ಲಿ ಅಟ್ಟಿಸಿಕೊಂಡು ಬರುವ ಮರಕೊಯ್ಯುವ ಚೈನ್‌ಸಾ ಬಹುಕಾಲದ ಸಂಪ್ರದಾಯ. ಅದರ ಸರಪಳಿ ತೆಗೆದಿರುತ್ತಾರೆ, ಎಂಜಿನ್ನಿನ ಆರ್ಭಟ ಮತ್ತು ಪೆಟ್ರೋಲಿನ ವಾಸನೆ ಮಾತ್ರ ಉಳಿದಿರುತ್ತದೆ. ಗುಟ್ಟು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಓಡುತ್ತಾರೆ.

ಗಂಟೆಗೆ ಎಷ್ಟು ಜನರನ್ನು ದಾಟಿಸಬಹುದು ಎಂಬುದರ ಮೇಲೆ ಇಡೀ ವ್ಯವಹಾರ ನಿಂತಿದೆ. ಆರು ಜನರ ಗುಂಪನ್ನು 45 ಸೆಕೆಂಡಿಗೊಮ್ಮೆ ಒಳಬಿಟ್ಟರೆ ಗಂಟೆಗೆ 480 ಜನ. 30 ಸೆಕೆಂಡಿಗೊಮ್ಮೆ ಬಿಟ್ಟರೆ 720. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗಿನ ಕೆಲವೇ ವಾರಾಂತ್ಯಗಳಲ್ಲಿ ವರ್ಷದ ಗಳಿಕೆ ಆಗಬೇಕಾದ್ದರಿಂದ, ಹ್ಯಾಲೋವೀನ್ ಹತ್ತಿರವಾದಂತೆ ಅಂತರ ಕಿರಿದಾಗುತ್ತಾ ಹೋಗುತ್ತದೆ. ಮುಂದಿನ ಗುಂಪಿನ ಬೆನ್ನು ಕಾಣತೊಡಗಿದರೆ ಅಲ್ಲಿಗೆ ಭಯ ಮುಗಿಯಿತು. ಅವರಿಗಾಗಿ ಬಿದ್ದ ಕಿಂಡಿ ಇನ್ನೂ ಮುಚ್ಚಿಕೊಳ್ಳುತ್ತಿರುವುದೇ ನಮಗೆ ಕಾಣುವುದು. ಅನುಭವಸ್ಥರು ಅಕ್ಟೋಬರ್ ಮೊದಲ ವಾರದ ಗುರುವಾರವನ್ನೋ ಭಾನುವಾರವನ್ನೋ ಆರಿಸಿಕೊಂಡು, ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದು ಇದಕ್ಕಾಗಿ. ಮುಂದೆ ನುಗ್ಗಿಸುವ ದುಬಾರಿ ಟಿಕೆಟ್ಟಿಗಿಂತ ಸರಿಯಾದ ದಿನ ಹೆಚ್ಚು ಕೆಲಸ ಮಾಡುತ್ತದೆ.

ಜಾಗದ ಚರಿತ್ರೆಯೇ ಬಂಡವಾಳವಾಗಿರುವ ತಾಣಗಳೂ ಇವೆ. ಫಿಲಡೆಲ್ಫಿಯಾದ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷಿಯರಿ 1829ರಲ್ಲಿ ಆರಂಭವಾದ ಸೆರೆಮನೆ. ಕೈದಿಗಳನ್ನು ಒಂಟಿ ಕೋಣೆಗಳಲ್ಲಿಟ್ಟು ಪಶ್ಚಾತ್ತಾಪಕ್ಕೆ ತರುವುದು ಅದರ ಆಶಯವಾಗಿತ್ತು. ಗ್ಯಾಂಗ್‌ಸ್ಟರ್ ಅಲ್ ಕಪೋನ್ ಕೂಡ ಅಲ್ಲಿ ಕೆಲವು ತಿಂಗಳು ಇದ್ದವನು. ಸೆರೆಮನೆ ಮುಚ್ಚಿ ಪಾಳುಬಿದ್ದ ಮೇಲೆ, 1991ರಿಂದ ನಡೆದ ಹ್ಯಾಲೋವೀನ್ ಕಾರ್ಯಕ್ರಮದ ಹಣ ಆ ಚಾರಿತ್ರಿಕ ಕಟ್ಟಡವನ್ನು ಉಳಿಸಿಕೊಳ್ಳಲು ನೆರವಾಗಿದೆ. ಪೆನ್ಸಿಲ್ವೇನಿಯಾದ್ದೇ ಪೆನ್‌ಹರ್ಸ್ಟ್‌ನ ಕತೆ ಇಷ್ಟು ಸರಳವಲ್ಲ. ಬುದ್ಧಿಮಾಂದ್ಯರೆಂದು ಹೇಳಿ ಜನರನ್ನು ಕೂಡಿಹಾಕಿದ್ದ ಆ ಸಂಸ್ಥೆ ದೌರ್ಜನ್ಯದ ಆರೋಪಗಳ ನಡುವೆ 1987ರಲ್ಲಿ ಮುಚ್ಚಿತು. 2010ರಲ್ಲಿ ಅದೇ ಆವರಣದಲ್ಲಿ ಹಾಂಟೆಡ್ ಹೌಸ್ ತೆರೆದಾಗ ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವವರು ಪ್ರತಿಭಟಿಸಿದರು. 2016ರಲ್ಲಿ ನಾಟ್ಸ್ ಬೆರ‍್ರಿ ಫಾರ್ಮ್ ಮಾನಸಿಕ ಆಸ್ಪತ್ರೆಯನ್ನು ವಸ್ತುವಾಗಿಸಿಕೊಂಡ ಒಂದು ಆಕರ್ಷಣೆಯನ್ನು ಇಂಥದೇ ಆಕ್ಷೇಪದ ಬಳಿಕ ಹಿಂತೆಗೆದುಕೊಂಡಿತು. ರೋಗಿಯನ್ನು ರಾಕ್ಷಸನಾಗಿ ತೋರಿಸುವುದು ಕಲ್ಪನೆಯ ಬಡತನ. ದೆವ್ವಗಳಿಗೇನೂ ಬರವಿಲ್ಲದ ಈ ಕಸುಬಿಗೆ ಅದರ ಅಗತ್ಯವೂ ಇಲ್ಲ. ಮುಟ್ಟುವುದು, ಕಟ್ಟಿಹಾಕುವುದು, ಮುಳುಗಿಸುವುದು ಎಲ್ಲದಕ್ಕೂ ಒಪ್ಪಿಗೆ ಬರೆಸಿಕೊಂಡು ಒಳಬಿಡುವ ಅತಿರೇಕದ ಮನೆಗಳ ವಿಷಯದಲ್ಲೂ ಹವ್ಯಾಸಿಗಳಲ್ಲಿ ಒಮ್ಮತವಿಲ್ಲ. ಬಹುಪಾಲು ಜನ ಅವನ್ನು ಈ ಕಲೆಗೆ ಸೇರಿಸಲು ಒಪ್ಪುವುದಿಲ್ಲ.

ಹೆದರಿಕೆ ಖುಷಿ ಕೊಡುವುದೇಕೆ ಎಂದು ತಿಳಿಯಲು ವಿಜ್ಞಾನಿಗಳೂ ಈ ಮನೆಗಳಿಗೆ ಬಂದಿದ್ದಾರೆ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ವೈಲೆ ನಗರದ ಡಿಸ್ಟೋಪಿಯಾ ಹಾಂಟೆಡ್ ಹೌಸ್‌ಗೆ ಹೋದ 110 ಜನರಿಗೆ ಹೃದಯಬಡಿತ ಅಳೆಯುವ ಪಟ್ಟಿ ಕಟ್ಟಿ, ಅವರು ಬೆಚ್ಚುವುದನ್ನು ಕ್ಯಾಮೆರಾದಲ್ಲಿ ಹಿಡಿದು, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಭಯ ತೀರ ಕಡಿಮೆಯಾದರೂ ಖುಷಿಯಿಲ್ಲ, ತೀರ ಹೆಚ್ಚಾದರೂ ಇಲ್ಲ, ನಡುವಿನ ಒಂದು ಹದದಲ್ಲಿ ಅದು ಉತ್ತುಂಗಕ್ಕೇರುತ್ತದೆ. ಆ ಹದ ಒಬ್ಬೊಬ್ಬರಿಗೆ ಒಂದೊಂದು. ಯಂತ್ರಗೊಂಬೆ ಎಲ್ಲರನ್ನೂ ಒಂದೇ ಅಳತೆಯಲ್ಲಿ ಹೆದರಿಸುತ್ತದೆ, ನಟ ಮಾತ್ರ ಎದುರಿನವರ ಮುಖ ನೋಡಿ ಹದ ಬದಲಿಸಬಲ್ಲ.

ಎಸ್ಕೇಪ್ ರೂಮ್

2004ರಲ್ಲಿ ಜಪಾನಿನ ತೊಶಿಮಿತ್ಸು ತಕಾಗಿ ರೂಪಿಸಿದ ಕ್ರಿಮ್ಸನ್ ರೂಮ್ ಎಂಬ ಕಂಪ್ಯೂಟರ್ ಆಟದಲ್ಲಿ ಕೆಂಪು ಕೋಣೆಯೊಂದರಲ್ಲಿ ಸಿಕ್ಕಿಬಿದ್ದ ಆಟಗಾರ ಅಲ್ಲಿ ಇಲ್ಲಿ ಕ್ಲಿಕ್ ಮಾಡಿ ಹೊರಬರಬೇಕಿತ್ತು. ಇಂಥ ಆಟಗಳನ್ನು ಪರದೆಯಿಂದ ನಿಜದ ಕೋಣೆಗೆ ತಂದವರು ತಕಾವೊ ಕಾಟೊ. 2007ರಲ್ಲಿ ಕ್ಯೋಟೊ ನಗರದಲ್ಲಿ ಅವರ ಸ್ಕ್ರ್ಯಾಪ್ ಸಂಸ್ಥೆ ರಿಯಲ್ ಎಸ್ಕೇಪ್ ಗೇಮ್ ಎಂಬ ಹೆಸರಿನಲ್ಲಿ ಮೊದಲ ಆಟ ನಡೆಸಿತು. ಮುಂದೆ ಇದೇ ಸಂಸ್ಥೆ ಕ್ರೀಡಾಂಗಣಗಳಲ್ಲಿ ಸಾವಿರಾರು ಜನರನ್ನು ಒಟ್ಟಿಗೆ ಆಡಿಸಿದ್ದೂ ಉಂಟು. ಇದಕ್ಕೂ ಮುಂಚೆ, 1990ರಲ್ಲಿ ಬ್ರಿಟನ್ನಿನ ದಿ ಕ್ರಿಸ್ಟಲ್ ಮೇಜ್ ಮತ್ತು ಫ್ರಾನ್ಸಿನ ಫೋರ್ ಬೊಯಾರ್ ಟಿವಿ ಕಾರ್ಯಕ್ರಮಗಳು ಕೋಣೆಯಲ್ಲಿ ಸಿಕ್ಕಿಬಿದ್ದು ಒಗಟು ಬಿಡಿಸುವ ಮೋಜನ್ನು ಮನೆಮನೆಗೆ ಮುಟ್ಟಿಸಿದ್ದವು.

ಯುರೋಪಿನಲ್ಲಿ ಈ ಆಟ ನೆಲೆಯೂರಿದ್ದು ಬುಡಾಪೆಸ್ಟ್‌ನಿಂದ. 2011ರಲ್ಲಿ ಅತ್ತಿಲಾ ಗ್ಯುರ್ಕೊವಿಚ್ ಅಲ್ಲಿ ಪಾರಾಪಾರ್ಕ್ ಆರಂಭಿಸಿದರು. ನಗರದ ನಡುವೆ ಪಾಳುಬಿದ್ದ ಹಳೆಯ ಕಟ್ಟಡಗಳೂ ನೆಲಮಾಳಿಗೆಗಳೂ ಅಗ್ಗದ ಬಾಡಿಗೆಗೆ ಸಿಗುತ್ತಿದ್ದುದರಿಂದ ಕೆಲವೇ ವರ್ಷಗಳಲ್ಲಿ ಹತ್ತಾರು ಕೋಣೆಗಳು ತಲೆಯೆತ್ತಿದವು. 2012ರಲ್ಲಿ ಸ್ಕ್ರ್ಯಾಪ್ ಸ್ಯಾನ್ ಫ್ರಾನ್ಸಿಸ್ಕೊಗೆ ಬಂತು. ಮರುವರ್ಷ ಸಿಯಾಟಲ್‌ನಲ್ಲಿ ಪಜಲ್ ಬ್ರೇಕ್ ಆರಂಭವಾಯಿತು. ಸ್ಕಾಟ್ ನಿಕೊಲ್ಸನ್ ಎಂಬ ಪ್ರಾಧ್ಯಾಪಕರು 2015ರಲ್ಲಿ ಪ್ರಕಟಿಸಿದ ಸಮೀಕ್ಷೆಗೆ ಜಗತ್ತಿನ 175 ಕೇಂದ್ರಗಳಿಂದ ಉತ್ತರ ಬಂದಿತ್ತು. ಒಂದು ಆಟಕ್ಕೆ ಎಂಟು ವರ್ಷ ತುಂಬುವುದರೊಳಗೆ ಇಷ್ಟು ಹರಡಿದ್ದು ವಿಶೇಷ.

ಮೊದಲ ಪೀಳಿಗೆಯ ಕೋಣೆಗಳೆಂದರೆ ಹಳೆಯ ಪೀಠೋಪಕರಣ, ಹತ್ತು ಹದಿನೈದು ನಂಬರ್ ಬೀಗ, ಗೋಡೆಗೆ ಅಂಟಿಸಿದ ಚೀಟಿಗಳು. ಒಂದು ಬೀಗ ತೆರೆದರೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಇನ್ನೊಂದು ಬೀಗದ ಸುಳಿವು. ಆಮೇಲೆ ವಿದ್ಯುತ್ಕಾಂತದ ಬೀಗಗಳು, ವಸ್ತುವನ್ನು ಗುರುತಿಸುವ ಆರ್‌ಎಫ್‌ಐಡಿ ಚಿಪ್‌ಗಳು, ಅವನ್ನು ನಿಯಂತ್ರಿಸುವ ಆರ್ಡುಯಿನೊದಂಥ ಪುಟ್ಟ ಗಣಕಗಳು ಬಂದವು. ಸರಿಯಾದ ಪುಸ್ತಕವನ್ನು ಸರಿಯಾದ ಜಾಗದಲ್ಲಿಟ್ಟರೆ ಗೂಡೊಂದು ತಾನಾಗಿ ತೆರೆಯುತ್ತದೆ. ಬೀಗದ ಸಂಖ್ಯೆ ಕಡಿಮೆಯಾದಷ್ಟೂ ಕತೆಗೆ ಜಾಗ ಹೆಚ್ಚಾಯಿತು. ಒಳ್ಳೆಯ ಕೋಣೆಯ ನಿಯಮ ಸರಳ: ಬೇಕಾದ ಮಾಹಿತಿಯೆಲ್ಲ ಕೋಣೆಯೊಳಗೇ ಇರಬೇಕು, ಹೊರಗಿನ ಪಾಂಡಿತ್ಯ ಬೇಕಾಗಬಾರದು, ಸುಮ್ಮನೆ ದಾರಿ ತಪ್ಪಿಸಲೆಂದೇ ಸುಳ್ಳು ಸುಳಿವು ಇಡಬಾರದು.

ಆಟದ ಹದ ಕಾಯುವವರು ಗೇಮ್ ಮಾಸ್ಟರ್. ಕ್ಯಾಮೆರಾಗಳ ಮುಂದೆ ಕುಳಿತು ತಂಡವನ್ನು ನೋಡುತ್ತಾ, ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿದು, ಕೇಳಿದಾಗ ಅಥವಾ ಕೇಳುವ ಮುಂಚೆಯೇ ಸುಳಿವು ಕಳಿಸುತ್ತಾರೆ. ಬೇಗ ಹೇಳಿಬಿಟ್ಟರೆ ಬಿಡಿಸಿದ ಖುಷಿ ಹೋಯಿತು, ತಡವಾದರೆ ತಂಡ ಜಗಳಕ್ಕಿಳಿಯಿತು. ತಾವೇ ಕಂಡುಹಿಡಿದೆವು ಎಂದು ತಂಡ ನಂಬುವಂಥ ಸುಳಿವು ಕೊಡುವುದು ಈ ಕೆಲಸದ ತುದಿ. ಒಂದು ಆಟ ಮುಗಿದ ಮೇಲೆ ಪ್ರತಿ ಬೀಗ, ಪ್ರತಿ ಚೀಟಿಯನ್ನು ಮೊದಲಿನಂತೆ ಜೋಡಿಸುವವರೂ ಅವರೇ. ಒಂದು ಕಾಗದ ತಪ್ಪಿ ಬೇರೆ ಡ್ರಾಯರ್ ಸೇರಿದರೆ ಮುಂದಿನ ತಂಡದ ಗಂಟೆ ಹಾಳು. ಹಾಂಟೆಡ್ ಹೌಸ್ ಗಂಟೆಗೆ ನೂರಾರು ಜನರನ್ನು ದಾಟಿಸುತ್ತದೆ, ಇಲ್ಲಿ ಗಂಟೆಗೂ ಹೆಚ್ಚು ಹೊತ್ತು ಒಂದು ಕೋಣೆ ಆರು ಜನರಿಗೆ ಮೀಸಲು. ಟಿಕೆಟ್ ದುಬಾರಿ ಎನಿಸುವುದಕ್ಕೂ, ಎಷ್ಟು ಚೆನ್ನಾಗಿ ನಡೆದರೂ ಒಂದು ಕೋಣೆಯ ಗಳಿಕೆಗೆ ಮಿತಿ ಇರುವುದಕ್ಕೂ ಇದೇ ಕಾರಣ. ಒಮ್ಮೆ ಬಿಡಿಸಿದವರು ಅದೇ ಕೋಣೆಗೆ ಮತ್ತೆ ಬರುವುದೂ ಇಲ್ಲ.

ಹಾಗಾಗಿ ಆಟಗಾರರೇ ಊರೂರು ಸುತ್ತುತ್ತಾರೆ. ನೂರು ಕೋಣೆ ಮುಗಿಸಿದವರು ಹವ್ಯಾಸಿಗಳಲ್ಲಿ ಅಪರೂಪವಲ್ಲ, ಸಾವಿರ ದಾಟಿದವರೂ ಇದ್ದಾರೆ. ಅವರ ಮತಗಳಿಂದಲೇ ಜಗತ್ತಿನ ಉತ್ತಮ ಕೋಣೆಗಳನ್ನು ಆರಿಸುವ ಟರ್ಪೆಕಾ ಪ್ರಶಸ್ತಿ 2018ರಿಂದ ನಡೆಯುತ್ತಿದೆ. ಸ್ಪೇನ್, ಗ್ರೀಸ್ ಮತ್ತು ನೆದರ್ಲೆಂಡ್ಸ್ ಅದರಲ್ಲಿ ಎದ್ದು ಕಾಣುವ ದೇಶಗಳು. ಬಾರ್ಸಿಲೋನಾ ಮತ್ತು ಅಥೆನ್ಸ್‌ನ ಕೆಲವು ಕೋಣೆಗಳಲ್ಲಿ ಹಾಂಟೆಡ್ ಹೌಸ್ ಮತ್ತು ಎಸ್ಕೇಪ್ ರೂಮ್ ಒಂದಾಗಿಬಿಟ್ಟಿವೆ. ಒಗಟು ಬಿಡಿಸುತ್ತಿರುವಾಗಲೇ ನಟನೊಬ್ಬ ಅಟ್ಟಿಸಿಕೊಂಡು ಬರುತ್ತಾನೆ, ಆಟ ಎರಡು ಗಂಟೆಗೂ ಮೀರುತ್ತದೆ. ಕೈ ನಡುಗುತ್ತಿರುವಾಗ ನಾಲ್ಕಂಕಿಯ ಬೀಗ ತಿರುಗಿಸುವುದು ಎಷ್ಟು ಕಷ್ಟವೆಂದು ಅಲ್ಲಿಯೇ ತಿಳಿಯಬೇಕು.

ಹವ್ಯಾಸಿಗಳ ನಡುವೆ ಬರೆಯದ ಕಟ್ಟಳೆಗಳಿವೆ. ಒಗಟಿನ ಗುಟ್ಟನ್ನು ಆಡದವರಿಗೆ ಹೇಳಬಾರದು. ಬಲಪ್ರಯೋಗ ಬೇಡ, ಎರಡು ಬೆರಳಿನ ಶಕ್ತಿಗೆ ತೆರೆಯದ್ದು ತೆರೆಯಲೆಂದು ಮಾಡಿದ್ದಲ್ಲ. ಕಂಡದ್ದನ್ನೆಲ್ಲ ಜೋರಾಗಿ ಹೇಳಬೇಕು, ಏಕೆಂದರೆ ಒಬ್ಬರ ಕೈಯಲ್ಲಿರುವ ಚಿತ್ರಕ್ಕೆ ಇನ್ನೊಬ್ಬರ ಕೈಯಲ್ಲಿರುವ ಸಂಖ್ಯೆ ಜೋಡಿ. ಬಳಸಿ ಮುಗಿದ ಕೀಲಿಯನ್ನು ಬೀಗದಲ್ಲೇ ಬಿಡಬೇಕು. ಬುದ್ಧಿವಂತರ ತಂಡಗಳು ಸೋಲುವುದು ಹೆಚ್ಚಾಗಿ ಒಗಟಿಗಲ್ಲ, ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಳ್ಳದ್ದಕ್ಕೆ.

ಬೆಂಕಿ ಕಲಿಸಿದ ನಿಯಮಗಳು

1984ರ ಮೇ 11ರಂದು ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಉದ್ಯಾನದ ಹಾಂಟೆಡ್ ಕ್ಯಾಸಲ್‌ಗೆ ಬೆಂಕಿ ಬಿದ್ದು ಎಂಟು ಹದಿಹರೆಯದವರು ಸತ್ತರು. ಅದು ಲಾರಿ ಟ್ರೇಲರ್‌ಗಳನ್ನು ಜೋಡಿಸಿ ಮಾಡಿದ ಚಕ್ರವ್ಯೂಹ. ಒಳಗೆ ಸುಲಭವಾಗಿ ಹೊತ್ತಿಕೊಳ್ಳುವ ಸಾಮಗ್ರಿ, ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇಲ್ಲ. ಕತ್ತಲು, ಹೊಗೆ, ಕಿರುಚಾಟ ಎಲ್ಲವೂ ಪ್ರದರ್ಶನದ ಭಾಗವೇ ಆಗಿರುವ ಕಡೆ ನಿಜವಾದ ಹೊಗೆ ಬಂದಾಗ ಯಾರಿಗೂ ಗೊತ್ತಾಗುವುದಿಲ್ಲ. ಈ ದುರಂತದ ನಂತರ ಅಮೆರಿಕದ ಅಗ್ನಿಸುರಕ್ಷಾ ಸಂಹಿತೆಗಳು ಇಂಥ ಕಟ್ಟಡಗಳನ್ನು ಬೇರೆಯೇ ವರ್ಗವಾಗಿ ಪರಿಗಣಿಸಿ ಸ್ಪ್ರಿಂಕ್ಲರ್ ಕಡ್ಡಾಯ ಮಾಡಿದವು. ಹೊಗೆ ಪತ್ತೆಯಾದ ಕೂಡಲೇ ದೀಪಗಳೆಲ್ಲ ಹೊತ್ತಿ, ಗೊಂದಲ ಹುಟ್ಟಿಸುವ ಸದ್ದುಗಳು ನಿಲ್ಲಬೇಕೆಂಬ ನಿಯಮವೂ ಬಂತು.

ಎಸ್ಕೇಪ್ ರೂಮಿಗೆ ಅಂಥ ಪಾಠ ಬಂದದ್ದು 2019ರ ಜನವರಿ 4ರಂದು. ಪೋಲೆಂಡಿನ ಕೊಶಾಲಿನ್ ಪಟ್ಟಣದಲ್ಲಿ ಗೆಳತಿಯ ಹುಟ್ಟುಹಬ್ಬ ಆಚರಿಸಲು ಬಂದಿದ್ದ, ಹದಿನೈದು ವರ್ಷದ ಐವರು ಹುಡುಗಿಯರು ಕೋಣೆಯೊಳಗೇ ಉಸಿರುಗಟ್ಟಿ ಸತ್ತರು. ಅವರು ಹೊರಬರುವ ದಾರಿಯಲ್ಲೇ ಬೆಂಕಿ ಎದ್ದಿತ್ತು, ಒಳಗಿನಿಂದ ಬಾಗಿಲು ತೆರೆಯಲಾಗಲಿಲ್ಲ. ಆ ದೇಶದ ಸರ್ಕಾರ ಎಲ್ಲ ಎಸ್ಕೇಪ್ ರೂಮುಗಳನ್ನು ತಪಾಸಣೆ ಮಾಡಿಸಿ ಹಲವನ್ನು ಮುಚ್ಚಿಸಿತು. ಈಗ ಜವಾಬ್ದಾರಿಯುತ ಕೇಂದ್ರಗಳಲ್ಲಿ ಆಟಗಾರರನ್ನು ನಿಜವಾಗಿ ಕೂಡಿಹಾಕುವುದೇ ಇಲ್ಲ. ಒಳಬಂದ ಬಾಗಿಲು ತೆರೆದೇ ಇರುತ್ತದೆ, ಅಥವಾ ಪಕ್ಕದಲ್ಲಿ ಒತ್ತಿದರೆ ತೆರೆಯುವ ಗುಂಡಿ ಇರುತ್ತದೆ. ವಿದ್ಯುತ್ಕಾಂತದ ಬೀಗದ ಒಂದು ಗುಣ ಇಲ್ಲಿ ಉಪಕಾರಿ: ಕರೆಂಟು ಹೋದರೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ. ಬಾಗಿಲು ತೆರೆದಿದ್ದರೆ ಆಟದ ಬಿಸಿ ಆರುತ್ತದೆ ಎಂಬ ವಾದ ಹಳೆಯದಾಗಿದೆ. ಜಗತ್ತಿನ ಉತ್ತಮ ಕೋಣೆಗಳು ಬೀಗವಿಲ್ಲದೆಯೇ ಬೆವರಿಳಿಸುತ್ತಿವೆ.

ಭಾರತದಲ್ಲಿ

ಜಾತ್ರೆ ಮತ್ತು ವಸ್ತುಪ್ರದರ್ಶನಗಳಲ್ಲಿ ತಗಡಿನ ಶೆಡ್ಡಿನೊಳಗೆ ಅಸ್ಥಿಪಂಜರ ನೇತುಹಾಕಿದ ಭೂತ ಬಂಗಲೆ ಕರ್ನಾಟಕದವರಿಗೆ ಹೊಸದಲ್ಲ. ಮಾಲ್‌ಗಳು ಬಂದ ಮೇಲೆ ಅದೇ ಸ್ಕೇರಿ ಹೌಸ್ ಎಂಬ ಹೆಸರು ಹೊತ್ತು ಹವಾನಿಯಂತ್ರಿತ ಜಾಗಕ್ಕೆ ಏರಿತು. ಎಸ್ಕೇಪ್ ರೂಮುಗಳು ದೊಡ್ಡ ನಗರಗಳಿಗೆ ಕಾಲಿಟ್ಟದ್ದು 2010ರ ದಶಕದ ನಡುಭಾಗದಲ್ಲಿ. ಬೆಂಗಳೂರಿನ ಕೋರಮಂಗಲದಂಥ ಬಡಾವಣೆಗಳಲ್ಲಿ ಅವು ಬೇಗ ಕುದುರಿಕೊಂಡವು. ವಾರಾಂತ್ಯಕ್ಕೆ ಕಾಲೇಜು ಹುಡುಗರು ಬರುತ್ತಾರೆ, ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಕಂಪನಿಗಳು ಟೀಮ್ ಔಟಿಂಗ್ ಎಂದು ತಮ್ಮ ನೌಕರರನ್ನು ಕಳಿಸುತ್ತವೆ. ಮ್ಯಾನೇಜರನ ಮಾತಿಗಿಂತ ಹೊಸದಾಗಿ ಸೇರಿದ ಹುಡುಗಿಯ ಊಹೆ ಸರಿಯಾಗುವ ಅಪರೂಪದ ಜಾಗ ಅದು. ಜೈಲು, ಬ್ಯಾಂಕ್ ದರೋಡೆ, ಷರ್ಲಾಕ್ ಹೋಮ್ಸನ ಕೋಣೆ ಎಂಬ ಹೊರನಾಡಿನ ವಸ್ತುಗಳೇ ಇಲ್ಲಿ ಹೆಚ್ಚು ಓಡುತ್ತವೆ. ಒಗಟು ಹಾಕಿ ಬಿಡಿಸುವುದರಲ್ಲಿ ಪಳಗಿದ ಜನಪದವೂ, ಪತ್ತೇದಾರಿ ಕಾದಂಬರಿಗಳ ದೊಡ್ಡ ಓದುಗ ಬಳಗವೂ ಇರುವ ಕನ್ನಡದ ಮಟ್ಟಿಗೆ ಇದು ನಷ್ಟವೇ.

2024ರ ಮೇ 25ರಂದು ಗುಜರಾತಿನ ರಾಜ್‌ಕೋಟ್‌ನ ಗೇಮ್ ಝೋನ್ ಒಂದಕ್ಕೆ ಬೆಂಕಿ ಬಿದ್ದು, ಮಕ್ಕಳೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ಕೇಂದ್ರಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಇರಲಿಲ್ಲ. ಅದು ಎಸ್ಕೇಪ್ ರೂಮ್ ಆಗಿರಲಿಲ್ಲ, ಆದರೆ ಮುಚ್ಚಿದ ಕಟ್ಟಡದೊಳಗಿನ ಯಾವ ಆಟಕ್ಕೂ ಬೆಂಕಿಯಿಂದ ಸುರಕ್ಷತೆಯ ಪ್ರಶ್ನೆ ಅನ್ವಯಿಸುತ್ತದೆ. ಹೊಸ ಕೋಣೆಗೆ ಹೋಗುವವರು ಟಿಕೆಟ್ ಕೊಳ್ಳುವ ಮುನ್ನ ಎರಡು ಸಂಗತಿ ಕೇಳಬೇಕು: ನಾವು ಒಳಗಿರುವಾಗ ಕ್ಯಾಮೆರಾ ಮುಂದೆ ಯಾರಾದರೂ ಕುಳಿತಿರುತ್ತಾರೆಯೇ, ಆಟ ಬಿಟ್ಟು ಈಗಲೇ ಹೊರಬರಬೇಕೆಂದರೆ ಯಾವ ಬಾಗಿಲು ಹೇಗೆ ತೆರೆಯುತ್ತದೆ. ಎರಡನೆಯದಕ್ಕೆ ಬಾಯಿಮಾತಿನ ಉತ್ತರ ಸಾಲದು, ತೆರೆದು ತೋರಿಸಲು ಹೇಳಿ.